ಅಬ್ಬಿ ನೋಡುವುದಕ್ಕೆ, ತೀರ್ಥ ಇಳಿಯುವುದಕ್ಕೆ

ಹೆಬ್ರಿಯಿಂದ ಘಟ್ಟದ ಬುಡಕ್ಕೆ ಸಾಗಿ, ಕೊನೆಯ ಒಂದಷ್ಟು ದೂರ ಕಾಡಿನೊಳಗೆ ಕಲ್ಲು ಬೇರು ತುಳಿದು ನಡೆದರೆ ಸೀತಾ ನದಿ ಬಂಡೆಯ ನೆತ್ತಿಯಿಂದ ಧುಮುಕುವ ಜಾಗ ಸಿಗುತ್ತದೆ. ಧುಮುಕುವ ನೀರು ಕಣ್ಣಿಗೆ ಹಬ್ಬವೇ. ಆದರೂ ಊರಿನವರು ಹೆಸರಿಟ್ಟದ್ದು ಬಿದ್ದು ನಿಂತ ನೀರಿಗೆ: ಕೂಡ್ಲು ತೀರ್ಥ. ಇದೇ ನದಿಯ ಕೆಳದಾರಿಯಲ್ಲಿ ಜೋಮ್ಲು ತೀರ್ಥವಿದೆ. ಬೀಳುವ ನೀರನ್ನು ಕರೆಯಲು ಈ ಕಡೆಯವರಿಗೆ ಮಾತಿಗೆ ಬರವಿರಲಿಲ್ಲ. ಘಟ್ಟದ ಕನ್ನಡದಲ್ಲಿ ಅದು ಅಬ್ಬಿ, ತುಳುವಿನಲ್ಲಿ ಅರ್ಬಿ. ಮಣಿಪಾಲದ ಮಗ್ಗುಲಲ್ಲಿ ಮಳೆಗಾಲಕ್ಕಷ್ಟೇ ಜೀವ ತಳೆಯುವ ಅರ್ಬಿಯನ್ನು ಯಾರೂ ತೀರ್ಥ ಎನ್ನುವುದಿಲ್ಲ. ಅಬ್ಬಿ ನೋಡುವುದಕ್ಕೆ, ತೀರ್ಥ ಇಳಿಯುವುದಕ್ಕೆ.

ರಜೆ ಬಂತೆಂದರೆ ಕೂಡ್ಲುವಿನ ಕಾಡುದಾರಿಯಲ್ಲಿ ಬೆಂಗಳೂರಿನ ಕುಟುಂಬಗಳು, ಮಣಿಪಾಲದ ಹಾಸ್ಟೆಲುಗಳ ಹುಡುಗ ಹುಡುಗಿಯರು, ಉಡುಪಿ ಕಾರ್ಕಳದಿಂದ ಬೈಕು ಹತ್ತಿ ಬಂದ ಗೆಳೆಯರ ಗುಂಪುಗಳು. ಕೈಯಲ್ಲಿ ಟವೆಲು, ಬದಲಿ ಬಟ್ಟೆ, ಫೋನು ನೆನೆಯದ ಹಾಗೆ ಒಂದು ಪ್ಲಾಸ್ಟಿಕ್ ಚೀಲ. ಬೆವರು ಸುರಿಸಿಕೊಂಡು ಬಂದವರು ಆ ತಣ್ಣನೆಯ ನೀರಿಗೆ ಕಾಲಿಟ್ಟ ಕೂಡಲೇ ಬಾಯಿಂದ ಹೊರಡುವ ಕೂಗು ಎಲ್ಲರದ್ದೂ ಒಂದೇ. ಇಲ್ಲಿ ಋಷಿಗಳು ತಪಸ್ಸು ಮಾಡಿದ್ದರು, ಮಿಂದರೆ ಪಾಪ ಕಳೆಯುತ್ತದೆ ಎಂಬುದು ಊರಿನ ನಂಬಿಕೆ. ಈಜಲು ಬಂದವನಿಗೆ ಆ ಮಾತು ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಆ ಗಳಿಗೆಯಲ್ಲಿ ನೆನಪಿಗೆ ಬರುವುದಿಲ್ಲ. ಹಾಗಾದರೆ ಅವನು ಮಿಂದದ್ದು ತೀರ್ಥದಲ್ಲೋ, ಬರೀ ಒಂದು ಗುಂಡಿಯಲ್ಲೋ?

ಇದು ಸುಲಭಕ್ಕೆ ಬಗೆಹರಿಯುವ ಪ್ರಶ್ನೆಯಲ್ಲ. ಪಾವಿತ್ರ್ಯ ನೀರಿನದೇ ಗುಣ ಎಂದಾದರೆ, ತಿಳಿಯದೆ ಮುಟ್ಟಿದವನನ್ನೂ ಬೆಂಕಿ ಸುಡುವ ಹಾಗೆ ತಿಳಿಯದೆ ಮಿಂದವನನ್ನೂ ತೀರ್ಥ ಶುದ್ಧ ಮಾಡಬೇಕು. ಅದು ಮೀಯುವವನ ಮನಸ್ಸಿನಲ್ಲಿದೆ ಎಂದಾದರೆ ಘಟ್ಟದ ಬುಡದ ತನಕ ನಡೆಯುವುದು ಯಾಕೆ, ಮನೆಯ ಬಚ್ಚಲು ಸಾಲದೇ? ಈ ಎರಡು ಮಾತುಗಳ ನಡುವೆ ಉಡುಪಿ, ಕಾಪು, ಕಾರ್ಕಳದ ಸೀಮೆ ಶತಮಾನಗಳಿಂದ ಯೋಚಿಸುತ್ತಾ ಬಂದಿದೆ. ಅದೂ ಒಂದೇ ಮತದ ಒಳಗೆ ಕೂತು ಯೋಚಿಸಿದ್ದಲ್ಲ.

ತೀರ್ಥ ಎಂಬ ಮಾತಿನ ಮೂಲಾರ್ಥದಲ್ಲಿ ಪುಣ್ಯವಿಲ್ಲ, ಪ್ರಯಾಣವಿದೆ. ದಾಟು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದ ಪದ ಅದು. ಹೊಳೆಯಲ್ಲಿ ಕಾಲಿಗೆ ನೆಲ ಸಿಗುವ, ಆಚೆ ದಡಕ್ಕೆ ಹೋಗಬಹುದಾದ ಜಾಗ ತೀರ್ಥ. ಕರಾವಳಿಯವರ ಬಾಯಲ್ಲಿ ಅದು ಕಡವು. ಹೆದ್ದಾರಿಯ ಸೇತುವೆಗಳು ಬರುವ ಮೊದಲು ಸೀತಾ, ಸ್ವರ್ಣಾ, ಉದ್ಯಾವರದ ಹೊಳೆಗಳನ್ನು ದಾಟಬೇಕಿದ್ದವರು ಕಡವಿನಲ್ಲಿ ದೋಣಿಗೆ ಕಾಯಬೇಕಿತ್ತು. ಉಡುಪಿಯ ಮಾಧ್ವ ಯತಿಗಳ ಹೆಸರಿನ ಕೊನೆಗೆ ಬರುವ ‘ತೀರ್ಥ’ವೂ ಕಾರ್ಕಳದ ಜೈನರು ಪೂಜಿಸುವ ‘ತೀರ್ಥಂಕರ’ನೂ ಈ ಕಡವಿನಿಂದಲೇ ಹೊರಟವರು. ಒಂದೇ ಜಿಲ್ಲೆಯ ಎರಡು ದೊಡ್ಡ ದರ್ಶನಗಳು ತಮ್ಮ ಗುರುಗಳಿಗೆ ಹೊಳೆ ದಾಟಿಸುವವರ ಹೆಸರನ್ನೇ ಇಟ್ಟವು. ಆದರೆ ನೀರಿನ ವಿಷಯಕ್ಕೆ ಬಂದರೆ ಎರಡೂ ಹಿಡಿದ ದಾರಿ ತೀರಾ ಬೇರೆ.

ಮೊದಲು ಉಡುಪಿಯ ದಾರಿ. 13ನೇ ಶತಮಾನದಲ್ಲಿ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಜೀವನಚರಿತ್ರೆಯನ್ನು ನಾರಾಯಣ ಪಂಡಿತಾಚಾರ್ಯರು ‘ಸುಮಧ್ವವಿಜಯ’ ಎಂಬ ಕಾವ್ಯವಾಗಿ ಬರೆದರು. ಅಲ್ಲಿ ಕಾಣುವ ಬಾಲಕ ಓಟ, ನೆಗೆತ, ಕುಸ್ತಿ, ಈಜು ಎಲ್ಲದರಲ್ಲೂ ಓರಗೆಯವರನ್ನು ಮೀರಿಸುವವನು. ಮುಂದೆ ವೇದಾಂತ ಬರೆಯಲಿದ್ದ ಆ ದೇಹ ಮೊದಲು ನೀರನ್ನು ಈಜಿ ತಿಳಿದದ್ದು ಎಂಬುದನ್ನು ಮರೆಯಬಾರದು. ಪಾಜಕದ ಸುತ್ತ, ಕುಂಜಾರುಗಿರಿಯ ಬುಡದಲ್ಲಿ ಪರಶುರಾಮನ ಹೆಸರಿಗೆ ಸೇರಿದ ನಾಲ್ಕು ತೀರ್ಥಗಳಿವೆ. ಆ ನಾಲ್ಕರ ಸನ್ನಿಧಾನವನ್ನೂ ಮನೆಯ ಬದಿಯ ಒಂದೇ ಕೆರೆಗೆ ಬಾಲಕ ವಾಸುದೇವ (ಮಧ್ವರ ಬಾಲ್ಯದ ಹೆಸರು ಅದು) ತಂದುಕೊಟ್ಟ ಎಂಬುದು ಐತಿಹ್ಯ. ಆ ಕೆರೆಯನ್ನು ಇಂದಿಗೂ ವಾಸುದೇವ ತೀರ್ಥ ಎನ್ನುತ್ತಾರೆ. ಸನ್ಯಾಸ ಪಡೆದ ಮೇಲೆ ಗಂಗಾಸ್ನಾನಕ್ಕೆ ಹೊರಡಲು ಅವರು ಮನಸ್ಸು ಮಾಡಿದಾಗ ಶಿಷ್ಯನನ್ನು ಬಿಟ್ಟಿರಲಾಗದೆ ಗುರು ಅಚ್ಯುತಪ್ರೇಕ್ಷರು ನೊಂದರಂತೆ. ಆಗ ಗಂಗೆಯೇ ಉಡುಪಿಯ ಅನಂತ ಸರೋವರಕ್ಕೆ ಬಂದಳು. ಈಗಿನ ಮಧ್ವ ಸರೋವರ ಅದೇ. ಹನ್ನೆರಡು ವರ್ಷಕ್ಕೊಮ್ಮೆ ಗಂಗೆ ಅಲ್ಲಿಗೆ ಬರುತ್ತಾಳೆಂಬ ನಂಬಿಕೆ ಉಳಿದಿದೆ.

ಈ ಕಥೆಗಳೆಲ್ಲ ಒಂದೇ ದಿಕ್ಕಿಗೆ ಹೊರಳುವುದನ್ನು ಗಮನಿಸಬೇಕು. ದೂರದ ನೀರು ಹತ್ತಿರ ಬರುತ್ತದೆ, ನಾಲ್ಕು ಕಡೆಯ ನೀರು ಒಂದು ಕಡೆ ಸೇರುತ್ತದೆ. ಸ್ನಾನಕ್ಕೆ ಮುಂಚೆ ತಂಬಿಗೆಯ ನೀರಿಗೆ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿಯರನ್ನು ಕರೆಯುವ ರೂಢಿ ಮನೆಮನೆಯಲ್ಲೂ ಇದ್ದದ್ದು ಇದೇ ನಂಬಿಕೆಯ ಮೇಲೆ. ಬಚ್ಚಲು ಸಾಲದೇ ಎಂಬ ಪ್ರಶ್ನೆಗೆ ಪರಂಪರೆ ಕೊಟ್ಟ ಉತ್ತರ, ಕರೆದರೆ ಸಾಲುತ್ತದೆ.

ಹಾಗೆಂದು ಮಧ್ವರು ನೀರನ್ನು ಮನಸ್ಸಿನ ಕಲ್ಪನೆ ಮಾಡಲಿಲ್ಲ. ಅವರ ಪಂಚಭೇದದಲ್ಲಿ ಈಶ್ವರ, ಜೀವ, ಜಡ ಮೂರೂ ನಿಜ, ಮೂರೂ ಬೇರೆ ಬೇರೆ. ಒಂದು ಜಡಕ್ಕೂ ಇನ್ನೊಂದು ಜಡಕ್ಕೂ ಕೂಡ ಭೇದವಿದೆ. ಹಾಗಾಗಿ ಕೂಡ್ಲುವಿನ ಗುಂಡಿಯ ನೀರು ನಿಜ, ಅದರ ತಂಪು ನಿಜ, ಅದರಲ್ಲಿ ನಡುಗುವ ಮೈಯೂ ನಿಜ. ನೀರು ದೇವರಲ್ಲ, ದೇವರ ಸನ್ನಿಧಾನ ಅದರಲ್ಲಿರಬಹುದು. ಪ್ರವಾಸಿಯ ಪ್ರಶ್ನೆಗೆ ಇದರಷ್ಟು ಆರೋಗ್ಯವಂತ ಉತ್ತರ ಇನ್ನೊಂದು ಸಿಗುವುದು ಕಷ್ಟ. ಈಜಿನ ಸುಖವನ್ನು ಮಾಯೆ ಎಂದು ತಳ್ಳಬೇಕಿಲ್ಲ, ಆ ಸುಖವೇ ಮುಕ್ತಿ ಎಂದು ಉಬ್ಬಿಸಲೂ ಬೇಕಿಲ್ಲ. ಮಾಧ್ವರು ತಲೆಯ ಮೇಲೆ ಹೊತ್ತು ಓದುವ ಭಾಗವತದ ದಶಮಸ್ಕಂಧದಲ್ಲಿ, ನೀರನ್ನಷ್ಟೇ ತೀರ್ಥವೆಂದು ತಿಳಿದು ತಿಳಿವುಳ್ಳವರನ್ನು ಕಾಣದೆ ಹೋಗುವವನನ್ನು ಕೃಷ್ಣ ಪಶುವಿಗೆ ಸಮ ಎನ್ನುತ್ತಾನೆ. ಮೈ ಮುಳುಗಿಸಿದರೆ ಮನಸ್ಸು ತೊಳೆಯುತ್ತದೆಯೇ ಎಂದು 12ನೇ ಶತಮಾನದ ವಚನಕಾರರು ಕೇಳಿದ್ದರು. ಮಧ್ವಮತದವರೇ ಆದ ಪುರಂದರದಾಸರೂ ಮುಂದೆ ಅದನ್ನೇ ಕೇಳಿದರು. ಸ್ನಾನದ ಟೀಕೆ ಹೊರಗಿನಿಂದ ಬಂದದ್ದು ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ಕಾಪುವಿನ ಬಳಿಯ ದಂಡತೀರ್ಥ ಇದೆಲ್ಲದಕ್ಕೆ ಈಗಲೂ ಕಣ್ಣೆದುರಿನ ಸಾಕ್ಷಿ. ಹೆದ್ದಾರಿಯಲ್ಲಿ ಓಡುವ ಬಸ್ಸಿನವರಿಗೆ ಕಾಪು ಎಂದರೆ ಕಡಲಕರೆಯ ದೀಪಸ್ತಂಭ. ಊರೊಳಗೆ ಉಳಿಯಾರಗೋಳಿಯಲ್ಲಿ ಆ ಕೆರೆ ಇದೆ. ಓದು ಕಲಿಸಿದ ಗುರುವಿಗೆ ದಕ್ಷಿಣೆಯಾಗಿ ಮಧ್ವರು ದಂಡದಿಂದ ಗೀರಿ ನೀರು ಬರಿಸಿದರು ಎಂಬ ಐತಿಹ್ಯ ಅದರದ್ದು. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರ ನಸುಕಿಗೆ ಬಹಳ ಮುಂಚೆ, ಉಡುಪಿ ಕೃಷ್ಣಮಠದ ಪರ್ಯಾಯ ಪೀಠವೇರಲಿರುವ ಯತಿಗಳು ಇಲ್ಲಿ ಮುಳುಗಿ ಎದ್ದು ಉಡುಪಿಯ ಜೋಡುಕಟ್ಟೆಗೆ ಹೋಗುತ್ತಾರೆ. ಅಲ್ಲಿಂದ ಮೆರವಣಿಗೆ. 2024ರಲ್ಲಿ ಪುತ್ತಿಗೆ ಮಠದ ಸರದಿಯಲ್ಲೂ ಇದೇ ಕ್ರಮ ನಡೆಯಿತು. ಮುಂದಿನ ಎರಡು ವರ್ಷ ಕೃಷ್ಣನ ಪೂಜೆ, ಸಾವಿರಾರು ಜನರ ಊಟ, ಮಠದ ಲೆಕ್ಕಾಚಾರ ಎಲ್ಲ ಹೆಗಲಿಗೆ ಬೀಳುವ ಮೊದಲು ಒಬ್ಬ ಮನುಷ್ಯ ಕತ್ತಲಲ್ಲಿ ತಣ್ಣೀರಿಗೆ ಇಳಿಯುತ್ತಾನೆ. ಕಡವು ಎಂಬ ಹಳೆಯ ಅರ್ಥ ಇಲ್ಲಿ ಪೂರ್ತಿ ಉಳಿದಿದೆ: ಈಚೆ ದಡದಲ್ಲಿ ಒಬ್ಬ, ಆಚೆ ದಡದಲ್ಲಿ ಇನ್ನೊಬ್ಬ.

ಇನ್ನು ಕಾರ್ಕಳ.

ದಿಗಂಬರ ಮುನಿಗೆ ಇಪ್ಪತ್ತೆಂಟು ಮೂಲಗುಣಗಳು. ಅವುಗಳಲ್ಲಿ ಒಂದರ ಹೆಸರು ಅಸ್ನಾನ. ಆತ ಜೀವನವಿಡೀ ಮೀಯುವುದಿಲ್ಲ. ಮೈಯನ್ನು ಹೀಗಳೆಯುವುದಕ್ಕೆ ಹುಟ್ಟಿದ ನಿಯಮವೆಂದು ಇದನ್ನು ತಿಳಿಯಬಾರದು. ಮೈಯ ಶೃಂಗಾರದ ಮೋಹ ಬಿಡಬೇಕೆನ್ನುವುದು ಒಂದು ಕಾರಣವಾದರೆ, ಮತ್ತೊಂದು ಕಾರಣ ಅಹಿಂಸೆ. ಜೈನದರ್ಶನದ ಪ್ರಕಾರ ನೀರನ್ನೇ ಮೈಯಾಗಿ ಉಳ್ಳ ಜೀವಗಳಿವೆ, ಅವು ಅಪ್ಕಾಯಿಕ ಜೀವಗಳು. ಅವಕ್ಕೆ ಇರುವುದು ಒಂದೇ ಇಂದ್ರಿಯ, ಸ್ಪರ್ಶ. ಮೀಯುವವನಿಗೆ ನೀರು ತಾಗುವ ಹಾಗೆ ನೀರಿಗೂ ಮೀಯುವವನು ತಾಗುತ್ತಾನೆ.

ಉಡುಪಿಯ ದಾರಿಯಲ್ಲಿ ಯಾರೂ ಕೇಳದ ಪ್ರಶ್ನೆ ಇಲ್ಲಿ ಎದ್ದು ನಿಲ್ಲುತ್ತದೆ. ನೀರು ನನಗೇನು ಮಾಡುತ್ತದೆ ಎಂದು ಅಲ್ಲಿ ವಿಚಾರ. ನಾನು ನೀರಿಗೇನು ಮಾಡುತ್ತೇನೆ ಎಂದು ಇಲ್ಲಿ. ಶ್ರಾವಕರ, ಅಂದರೆ ಗೃಹಸ್ಥ ಜೈನರ, ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಎಲ್ಲರಿಗೂ ಗೊತ್ತು. ಸೋಸಿದ ಮೇಲೆ ಆ ಬಟ್ಟೆಯನ್ನು ಸೋಸಿದ ನೀರಿನಲ್ಲೇ ತೊಳೆದು, ಅದರಲ್ಲಿ ಸಿಕ್ಕ ಜೀವಗಳನ್ನು ಯಾವ ಬಾವಿಯಿಂದ ನೀರು ಸೇದಿದರೋ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು ಎಂಬ ಎರಡನೆಯ ಅರ್ಧ ಅಷ್ಟಾಗಿ ಗೊತ್ತಿಲ್ಲ. ಕಣ್ಣಿಗೆ ಕಾಣದ ಜೀವಕ್ಕೂ ಒಂದು ಊರಿದೆ, ಅದನ್ನು ಅದರ ಊರಿಗೆ ತಲುಪಿಸಬೇಕು ಎನ್ನುವಷ್ಟು ಸೂಕ್ಷ್ಮ ಮನಸ್ಸು ಈ ಕಾರ್ಕಳದ ಅಂಗಳಗಳಲ್ಲಿ ಬಾಳಿದೆ. ಘಟ್ಟದ ಗುಂಡಿಯಲ್ಲಿ ಶಾಂಪೂ ನೊರೆ ಎಬ್ಬಿಸುವವನಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ನೇರವಾದ ಮಾತು ಬೇಕಿಲ್ಲ.

ಆದರೆ ಅದೇ ಜೈನರ ಕಥೆಯಲ್ಲಿ ಒಂದು ಅದ್ಭುತ ನೀರಾಟ ಇದೆ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಕಾರ್ಕಳದ ಬಂಡೆಗುಡ್ಡದ ಮೇಲೆ ನಿಲ್ಲಿಸಿದ 42 ಅಡಿಯ ಬಾಹುಬಲಿ, ಬಾಹುಬಲಿಯಾಗಿ ನಿಲ್ಲುವ ಮುಂಚೆ ಅಣ್ಣ ಭರತನೊಡನೆ ಮೂರು ಪಂದ್ಯ ಆಡಿದ್ದ. ಸೈನ್ಯಗಳು ಕಾದರೆ ಸಾವಿರಾರು ಜನ ಸಾಯುತ್ತಾರೆ, ಅಣ್ಣ ತಮ್ಮ ಇಬ್ಬರೇ ಆಡಿ ತೀರ್ಮಾನಿಸಲಿ ಎಂದು ಮಂತ್ರಿಗಳು ಹೇಳಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಪಂಪ 941–42ರ ಸುಮಾರಿಗೆ ಬರೆದ ‘ಆದಿಪುರಾಣ’ದಲ್ಲೂ ಈ ಕಥೆಯಿದೆ. ಜಲಯುದ್ಧವೆಂದರೆ ಸರೋವರದಲ್ಲಿ ಎದುರುಬದುರು ನಿಂತು ಮುಖಕ್ಕೆ ನೀರೆರಚುವುದು. ಬಾಹುಬಲಿ ಎತ್ತರದವನು. ಭರತ ಎರಚಿದ ನೀರು ಅವನ ಎದೆಯ ತನಕವಷ್ಟೇ ಏರಿತು, ಅವನು ಎರಚಿದ್ದು ಭರತನ ಮುಖಕ್ಕೇ ಬಡಿಯಿತು. ಕೂಡ್ಲುವಿನ ಗುಂಡಿಯಲ್ಲಿ ರಜೆಯ ದಿನ ಯಾವ ಅಣ್ಣ ತಮ್ಮಂದಿರೂ ಆಡುವ ಆಟ ಇದೇ. ಮೂರರಲ್ಲೂ ಗೆದ್ದ ತಮ್ಮ ಗೆದ್ದ ಗಳಿಗೆಯಲ್ಲೇ ರಾಜ್ಯ ಬಿಟ್ಟು, ಹುತ್ತ ಬೆಳೆದು ಬಳ್ಳಿ ಸುತ್ತುವ ತನಕ ಕದಲದೆ ನಿಂತ. ಮೀಯದವನಾಗುವ ಮೊದಲು ಅವನು ನೀರಿನಲ್ಲಿ ಆಡಿ ಗೆದ್ದವನು.

ಆಟಕ್ಕೂ ಭಕ್ತಿಗೂ ಜಗಳವಿದೆ, ಕಿರುಚಾಡಿ ಈಜುವವರು ತೀರ್ಥದ ಮರ್ಯಾದೆ ಕಳೆಯುತ್ತಾರೆ ಎಂದು ಗೊಣಗುವವರು ಈ ಕಥೆಯನ್ನು ಒಮ್ಮೆ ನೆನೆಯಬೇಕು. ಹಳೆಗನ್ನಡದ ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಇರಬೇಕೆಂಬ ನಿಯಮವಿತ್ತು. ಅದರಲ್ಲಿ ಜಲಕ್ರೀಡೆ ಒಂದು. ತೀರ್ಥಂಕರರ ಚರಿತ್ರೆ ಬರೆದ ಜೈನಕವಿಗಳೂ ಆ ನಿಯಮ ಬಿಡಲಿಲ್ಲ. ನೀರು ಕಂಡರೆ ಹಿಗ್ಗುವುದು ಮನುಷ್ಯನ ಸಹಜ ಗುಣ, ಮುಂದೆ ಆ ಹಿಗ್ಗು ಎಲ್ಲಿಗೆ ಹೋಗುತ್ತದೆ ಎಂಬುದೇ ಮುಖ್ಯ ಎಂದು ಅವರಿಗೆ ತಿಳಿದಿತ್ತು.

ವರಂಗದ ಕೆರೆಬಸದಿಗೆ ಹೋದವರಿಗೆ ಇದರ ಮತ್ತೊಂದು ಮುಖ ಕಾಣುತ್ತದೆ. ಕೆರೆಯ ನಡುವೆ ಬಸದಿ, ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಯಾರೂ ಧುಮುಕುವುದಿಲ್ಲ. ಹರಟುತ್ತಾ ಬಂದವರೂ ದೋಣಿ ಹತ್ತಿದ ಮೇಲೆ ದನಿ ತಗ್ಗಿಸುತ್ತಾರೆ. ಆಚೆ ದಡಕ್ಕೆ ದಾಟಿಸುವುದು ಹುಟ್ಟು ಹಾಕುವವನ ಕೆಲಸ, ನೀರು ಅಲುಗುವುದು ಹುಟ್ಟಿನ ತುದಿಯಲ್ಲಿ ಮಾತ್ರ. ಇನ್ನೊಂದು ಮಗ್ಗುಲಿಗೆ, ಕಾರ್ಕಳದ ಅತ್ತೂರಿನಲ್ಲಿ, ಸಂತ ಲಾರೆನ್ಸರ ಪುಟ್ಟ ಮರದ ಮೂರ್ತಿ ಹೊತ್ತು ಇಗರ್ಜಿಗೆ ಜಾಗ ಹುಡುಕುತ್ತಿದ್ದವರು ಒರತೆಯ ಬಳಿ ನೀರು ಕುಡಿಯಲು ಅದನ್ನು ಕೆಳಗಿಟ್ಟರೆ ಮತ್ತೆ ಮೇಲೇಳಲಿಲ್ಲವಂತೆ. ಅಲ್ಲೇ ಇಗರ್ಜಿ ಎದ್ದಿತು. 2016ರಲ್ಲಿ ಅದು ಬಸಿಲಿಕಾ ಎಂಬ ಪದವಿ ಪಡೆಯಿತು. ಆ ಒರತೆಯ ಕೆರೆಗೆ ಅಲ್ಲಿನ ಕ್ರೈಸ್ತರು ಇಟ್ಟ ಹೆಸರು ಪುಷ್ಕರಿಣಿ. ಜನವರಿಯ ಜಾತ್ರೆಗೆ ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಈ ಸೀಮೆಯ ನೀರಿನ ಕಥೆ ಸುಳ್ಳಾಗುತ್ತದೆ. ಯಾರು ಇಳಿಯಬಹುದು ಎಂಬ ಪ್ರಶ್ನೆಯನ್ನು ಬಿಟ್ಟು ತೀರ್ಥದ ವಿಚಾರ ಮಾಡುವಂತಿಲ್ಲ. ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದರು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಅದರಲ್ಲಿ ಚೋಮನ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಹುಡುಗ ಅಸ್ಪೃಶ್ಯರವನು, ಮುಟ್ಟಬಾರದವನು, ಆದ್ದರಿಂದ ಯಾರೂ ಕೈ ಚಾಚುವುದಿಲ್ಲ. ಮುಟ್ಟಿ ಮೈಲಿಗೆಯಾದರೆ ತೊಳೆಯಲು ಅಲ್ಲೇ ಹೊಳೆ ಹರಿಯುತ್ತಿತ್ತು ಎಂಬುದನ್ನು ನೆನೆದರೆ ಎದೆ ಬಿರಿಯುತ್ತದೆ. ಪಾಪ ತೊಳೆಯುವ ಶಕ್ತಿ ನೀರಿಗಿದೆ ಎಂದು ನಂಬಿದವರು, ಒಂದು ಮಗುವನ್ನು ಮುಟ್ಟಿದ ಮೈಲಿಗೆಯನ್ನು ಅದು ತೊಳೆದೀತೆಂದು ನಂಬಲಿಲ್ಲ.

ಆ ಕಾದಂಬರಿಗೆ ಆರು ವರ್ಷ ಮುಂಚೆ, 1927ರ ಮಾರ್ಚ್ 20ರಂದು, ಕೊಂಕಣದ ಮಹಾಡದಲ್ಲಿ ಅಂಬೇಡ್ಕರರು ಅಸ್ಪೃಶ್ಯರನ್ನು ಬಿಟ್ಟುಕೊಳ್ಳದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು, ಸಾವಿರಾರು ಜನ ಅವರ ಹಿಂದೆ ಇಳಿದರು. ಮೇಲ್ಜಾತಿಯವರು ಆಮೇಲೆ ಗಂಜಲ ಸಗಣಿ ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದರು. ನೀರು ದಾಟಿಸುವುದಾದರೆ ತೀರ್ಥ ಎಂಬ ಹಳೆಯ ಅರ್ಥವನ್ನೇ ಹಿಡಿದು ಕೇಳಬಹುದು: ಆ ದಿನ ತೀರ್ಥಸ್ನಾನ ಮಾಡಿದವರು ಯಾರು? ಬೊಗಸೆ ಒಡ್ಡಿದವರೇ ಎಂದು ಹೇಳಲು ಯಾವ ಶಾಸ್ತ್ರವನ್ನೂ ತಿರುವಿ ನೋಡಬೇಕಿಲ್ಲ. ಕೂಡ್ಲುವಿನಲ್ಲಿ ಇಂದು ಟಿಕೆಟು ಕೊಂಡು ಬಂದ ಯಾರಾದರೂ ಜಾತಿ ಹೇಳದೆ ಇಳಿಯಬಹುದು ಎನ್ನುವುದು ಸಣ್ಣ ಮಾತಲ್ಲ. ಪ್ರವಾಸೋದ್ಯಮವನ್ನು ಬೈಯುವ ಭರದಲ್ಲಿ ಇದನ್ನು ಮರೆಯುವುದು ಅನ್ಯಾಯ.

ನೀರಿನ ಋಣ ಮೀಯುವವರದ್ದಷ್ಟೇ ಅಲ್ಲ, ಊರಿನದ್ದೂ ಹೌದು. ಮಣಿಪಾಲ ಎಂಬ ಹೆಸರು ‘ಮಣ್ಣಪಳ್ಳ’ದಿಂದ ಬಂತೆಂದು ಹೇಳುತ್ತಾರೆ. ಪಳ್ಳ ಎಂದರೆ ತುಳುವಿನಲ್ಲಿ ನೀರು ನಿಂತ ಕೆರೆ. ದೇಶ ವಿದೇಶದ ವಿದ್ಯಾರ್ಥಿಗಳು ಬಂದು ಓದುವ ಇಡೀ ಪಟ್ಟಣ ಒಂದು ಮಣ್ಣುಗೆರೆಯ ಹೆಸರು ಹೊತ್ತಿದೆ. 2019ರ ಬೇಸಿಗೆಯಲ್ಲಿ ಉಡುಪಿ ಮಣಿಪಾಲಕ್ಕೆ ನೀರುಣಿಸುವ ಬಜೆ ಅಣೆಕಟ್ಟು ತಳ ಕಂಡಾಗ, ಸ್ವರ್ಣಾ ನದಿಯ ಪಾತ್ರದಲ್ಲಿ ಮೇಲುಗಡೆ ಅಲ್ಲಲ್ಲಿ ಉಳಿದಿದ್ದ ಗುಂಡಿಗಳ ನೀರನ್ನು ಪಂಪು ಹಚ್ಚಿ ಹಾಯಿಸಬೇಕಾಯಿತು. ಬೇಸಿಗೆಯಲ್ಲಿ ಹುಡುಗರು ಹಾರಿ ಬೀಳುವಂಥ ಗುಂಡಿಗಳೇ ಊರಿನ ನಲ್ಲಿಯನ್ನು ಆ ದಿನಗಳಲ್ಲಿ ಕಾದವು.

ಗುಂಡಿಯ ಬೆಲೆ ಮೀನಿಗೆ ಇನ್ನೂ ಚೆನ್ನಾಗಿ ಗೊತ್ತು. ಹೊಳೆ ಬತ್ತಿ ನೂಲಿನಷ್ಟಾದಾಗ ಮೀನುಗಳು ಸೇರಿಕೊಳ್ಳುವುದು ಆಳದ ಕಯಗಳಲ್ಲಿ, ಅಂದರೆ ಮಡುಗಳಲ್ಲಿ. ಬೆಳ್ತಂಗಡಿ ಕಡೆಯ ಶಿಶಿಲದಲ್ಲಿ ಕಪಿಲಾ ಹೊಳೆಯ ಅಂಥ ಜಾಗವನ್ನು ಶಿಶಿಲೇಶ್ವರನ ಮತ್ಸ್ಯತೀರ್ಥ ಎಂದು ಕಾಯ್ದಿದ್ದಾರೆ. ಅಲ್ಲಿನ ಪೆರುವೋಲು ಮೀನು ದೇವರ ಮೀನು, ಅದನ್ನು ಹಿಡಿಯುವಂತಿಲ್ಲ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರು ಸೂತಕದ ಮನೆಯಂತಾಯಿತು. ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮಧ್ವರ ಸನ್ನಿಧಾನವೂ ಜೈನರ ಅಪ್ಕಾಯಿಕ ಜೀವವೂ ಒಂದೇ ಗುಂಡಿಯಲ್ಲಿ ಕೂಡಿದ್ದನ್ನು ನೋಡಬೇಕೆನ್ನುವವರು ಮಂಡಕ್ಕಿ ಪೊಟ್ಟಣ ಹಿಡಿದು ಆ ಮೆಟ್ಟಿಲ ಮೇಲೆ ಕೂರಬಹುದು.

ಇಳಿಯುವುದರಲ್ಲಿ ಸಾವೂ ಇದೆ. ಕರಾವಳಿಯ ಹೊಳೆಗಳಲ್ಲಿ ರಜೆಗೆ ಬಂದು ಮುಳುಗಿದವರ ಸುದ್ದಿ ಇಲ್ಲದ ವರ್ಷ ಇಲ್ಲ. ಅಬ್ಬಿ ಬೀಳುವ ಬುಡದಲ್ಲಿ ನೀರು ಕಲ್ಲನ್ನು ಕೊರೆದು ತಟ್ಟನೆ ಆಳವಾಗಿರುತ್ತದೆ, ಬಿದ್ದ ನೀರು ತಳದಿಂದ ಸುಳಿದು ಮೇಲೇಳುವಾಗ ಈಜು ಬಲ್ಲವನನ್ನೂ ಎಳೆಯುತ್ತದೆ. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಬಿದ್ದರೆ ಗಳಿಗೆಯಲ್ಲಿ ಬೊಳ್ಳ, ಅಂದರೆ ನೆರೆ, ಬರುತ್ತದೆ. ಒಣಗಿದ ತೆಂಗಿನಕಾಯಿ ಜೋಡಿಯನ್ನು ಸೊಂಟಕ್ಕೆ ಕಟ್ಟಿಕೊಂಡು ತೋಟದ ಕೆರೆಯಲ್ಲಿ ಈಜು ಕಲಿತ ಹಿಂದಿನ ಮಕ್ಕಳಿಗೆ ಈಜಿನ ಜೊತೆಗೇ ಈ ಅಂಜಿಕೆಯನ್ನೂ ಕಲಿಸುತ್ತಿದ್ದರು. ಮೊದಲು ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಭಕ್ತಿಯೂ ಹೌದು, ನೀರು ಎಷ್ಟು ತಣ್ಣಗಿದೆ, ಯಾವ ಕಡೆ ಎಳೆಯುತ್ತಿದೆ ಎಂದು ತಿಳಿಯುವ ಉಪಾಯವೂ ಹೌದು. ಅವೆರಡನ್ನು ಬೇರೆ ಮಾಡಿ ನೋಡುವ ಅಗತ್ಯ ಆ ಹಿರಿಯರಿಗೆ ಬಿದ್ದಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಕೂಡ್ಲುವಿನ ದಾರಿ ಮುಚ್ಚುತ್ತದೆ. ತಿಂಗಳುಗಟ್ಟಲೆ ಅಲ್ಲಿ ಮೀಯುವವರು ಯಾರೂ ಇಲ್ಲ. ಕೆಂಪು ನೀರು ಮೇಲಿಂದ ಮರದ ಬೊಡ್ಡೆಗಳನ್ನೂ ಉರುಟುಗಲ್ಲುಗಳನ್ನೂ ತಂದು ಸುರಿಯುತ್ತದೆ, ಒಂದು ಕಡೆ ಮರಳು ತುಂಬಿ ಇನ್ನೊಂದು ಕಡೆ ಕೊರೆಯುತ್ತದೆ. ಮಳೆ ಬಿಟ್ಟು ನೀರು ತಿಳಿಯಾಗುವ ಹೊತ್ತಿಗೆ ಹೋದ ವರ್ಷ ಸೊಂಟದ ಮಟ್ಟಕ್ಕಿದ್ದ ಜಾಗ ಈ ವರ್ಷ ಎಷ್ಟಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಹೊಳೆಬದಿಯಲ್ಲಿ ಬೆಳೆದವರು ಆಗ ಕಾಡಿನಿಂದ ಒಂದು ಉದ್ದನೆಯ ಕೋಲು ಮುರಿದು ತರುತ್ತಾರೆ, ದಡದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಅದನ್ನು ನೀರಿಗಿಳಿಸಿ ತಳ ಎಲ್ಲಿ ಸಿಗುತ್ತದೆಂದು ಹುಡುಕುತ್ತಾರೆ.